ಮರಗಸಿ ಕತ್ತಿಗೆ ಈ ಕುಲುಮೆಯೇ ಸರಿ, ಹಿಡಿ ಮಾತ್ರ ಬೇರೆ ಕಡೆ ಹಾಕಿಸಿ

ಮರಗಸಿ ಅಂದರೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ. ಅದಕ್ಕೆ ಕತ್ತಿ ಮಾಡಿಕೊಡುವ ಒಂದು ಕುಲುಮೆ ಚಿಕ್ಕಮಗಳೂರಿನಿಂದ ಆಲ್ದೂರು ಕಡೆ ಹೋಗುವಾಗ ರಸ್ತೆ ಪಕ್ಕ ಇದೆ. ಬೋರ್ಡು ಗೀರ್ಡು ಏನೂ ಇಲ್ಲ. ಶೀಟಿನ ಮಾಡು, ಎದುರಿಗೆ ಹಳೇ ಲಾರಿ ಪ್ಲೇಟುಗಳ ರಾಶಿ. ಆ ರಾಶಿ ನೋಡಿದ ಮೇಲೇ ಗಾಡಿ ನಿಲ್ಲಿಸಿದ್ದು. ಲಾರಿ ಪ್ಲೇಟು ಅಂದರೆ ಲಾರಿಯ ಅಡಿಯಲ್ಲಿ ಕುಲುಕು ತಡೆಯುವ ಸ್ಪ್ರಿಂಗ್ ಪಟ್ಟಿ. ಅದು ಸ್ಪ್ರಿಂಗ್ ಸ್ಟೀಲ್, ಅದರಲ್ಲಿ ಶೇ. 0.6ರ ಆಸುಪಾಸು ಇಂಗಾಲ ಇರುತ್ತದೆ, ಹದ ಚೆನ್ನಾಗಿ ಹಿಡಿಯುತ್ತದೆ. ಗೇಟು, ಕಿಟಕಿಗೆ ಹಾಕುವ ಸಾದಾ ಪಟ್ಟಿಯನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅಷ್ಟೇ, ಬಾಯಿ, ಅಂದರೆ ಕಡಿಯುವ ಅಂಚು, ಹರಿತವಾಗಿ ನಿಲ್ಲುವುದಿಲ್ಲ.

ಕತ್ತಿ ಹೇಳಿ ಅಲ್ಲೇ ನಿಂತೆ. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಇದ್ದಿಲು ಮಾತ್ರ ಹಾಗೇ ಇದೆ. ಪ್ಲೇಟು ಕಿತ್ತಳೆ ಬಣ್ಣಕ್ಕೆ, ಅಂದರೆ ಸುಮಾರು 1000 ಡಿಗ್ರಿಗೆ ಬರುವ ತನಕ ಯಜಮಾನರು ಸುತ್ತಿಗೆ ಮುಟ್ಟುವುದಿಲ್ಲ. ಕೆಂಪು ಮಂಕಾಯಿತೋ, ಮತ್ತೆ ಕೆಂಡಕ್ಕೆ. ಆರಿದ ಮೇಲೂ ಸುಮ್ನೆ ಬಡಿಯುತ್ತಾ ಹೋದರೆ ಒಳಗೇ ಬಿರುಕು ಬಿಡುತ್ತದೆ, ಆಮೇಲೆ ಮರ ಹತ್ತಿದಾಗ ಮುರಿಯುತ್ತದೆ.

ಹದ ಹಾಕಿದ್ದಂತೂ ನೋಡಬೇಕು. ಕೆಂಪಗೆ ಕಾದ ಕತ್ತಿಯ ಬಾಯಿಯನ್ನಷ್ಟೇ ಎಣ್ಣೆಗೆ ಅದ್ದಿ, ಬೆನ್ನು ಬಿಸಿಯಾಗಿಯೇ ಇರುವಾಗ ಎತ್ತಿ, ಕಲ್ಲಿನ ಚೂರಿನಿಂದ ಬಾಯಿ ಉಜ್ಜಿ ಹೊಳಪು ಮಾಡಿದರು. ಬೆನ್ನಿನ ಬಿಸಿ ನಿಧಾನ ಬಾಯಿಗೆ ಇಳಿಯುತ್ತದೆ. ಮೊದಲು ತೆಳು ಹಳದಿ, ಆಮೇಲೆ ಕಂದು. ಅಂಚಿನಲ್ಲಿ ನೇರಳೆ ಕಾಣುತ್ತಿದ್ದ ಹಾಗೆ, ಅಂದರೆ 270-280 ಡಿಗ್ರಿ ಹತ್ತಿರ, ಪೂರ್ತಿ ನೀರಿಗೆ ಇಳಿಸಿಬಿಟ್ಟರು. ಥರ್ಮಾಮೀಟರ್ ಇಲ್ಲ, ಕಣ್ಣಳತೆಯೇ ಎಲ್ಲ! ಹೀಗೆ ಮಾಡಿದರೆ ಬಾಯಿ ಗಟ್ಟಿ, ಬೆನ್ನು ಪೆಟ್ಟು ತಡೆಯುತ್ತದೆ. ಈ ಸಲದ ಮರಗಸಿ ಪೂರ್ತಿ ಸಿಲ್ವರ್ ಓಕ್, ಹಾಲುವಾಣ ಎರಡನ್ನೂ ಕಡಿದಿದ್ದೇವೆ. ಬಾಯಿ ಮಡಚಿಲ್ಲ, ಚಕ್ಕೆ ಎದ್ದಿಲ್ಲ. ಪೇಟೆಯ ರೆಡಿಮೇಡ್ ಕತ್ತಿ ಒಂದು ವಾರಕ್ಕೇ ಹಲ್ಲು ಬಿಡುತ್ತಿತ್ತು.

ಬೆಲೆ ಅದರ ದುಪ್ಪಟ್ಟು. ಜಾಸ್ತಿ ಅನ್ನಿಸಬಹುದು, ಆದರೆ ಬಡಿದ ಕೆಲಸ ನೋಡಿದವರು ಚೌಕಾಸಿ ಮಾಡುವುದಿಲ್ಲ ಬಿಡಿ. ಬೇಜಾರಾಗಿದ್ದು ಹಿಡಿ. ಹಸಿ ಮರ ಹಾಕಿದ್ದಾರೆ, ಒಣಗುತ್ತಿದ್ದ ಹಾಗೆ ಅಲ್ಲಾಡೋಕೆ ಶುರು. ಮೇಲೆ ಹತ್ತಿದವನ ಕೈಯಲ್ಲಿ ಕತ್ತಿ ಕಳಚಿದರೆ ಕೆಳಗಿರುವವರ ಗತಿ ಏನು, ಹೇಳಿ? ಮರಗೆಲಸದ ಆಚಾರಿ ಹತ್ತಿರ ಬೇರೆ ಹಿಡಿ ಹಾಕಿಸಿದೆ. ಇನ್ನು 'ನಾಳೆ ಬನ್ನಿ' ಅನ್ನುವುದು ಇಲ್ಲೂ ಇದ್ದದ್ದೇ. ಮಳೆಗಾಲಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಬಂದು ಬೀಳುತ್ತಾರಲ್ವಾ, ಹಾಗಾಗಿ ಬೇಗ ಹೇಳಿಡಿ.

ಮತ್ತೆ, ತಂದ ಕತ್ತಿಯನ್ನು ಗ್ರೈಂಡರ್‌ನವನ ಕೈಗೆ ಕೊಡಬೇಡಿ. ಕಿಡಿ ಹಾರಿಸಿ ಬಾಯಿ ನೀಲಿ ಮಾಡಿದರೆ ಹಾಕಿದ ಹದವೆಲ್ಲಾ ಹೋಯಿತು. ನೀರು ಹಾಕಿಕೊಂಡು ಕಲ್ಲಿಗೆ ಮಸೆದರೆ ಸಾಕು.