ಹಾರಂಗಿ ರಸ್ತೆಯೋ, ಅಬ್ಬಿಯ ಏರೋ: ಒಂದು ವರ್ಷದ ಓಟ ಮತ್ತು ಊಟ

ನಲವತ್ತೆರಡನೆಯ ವಯಸ್ಸಿನಲ್ಲಿ ಓಡಲು ಹೊರಟೆ. ಅದೇ ತಿಂಗಳು ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಟ್ಟೆ. ಎರಡನ್ನೂ ಒಟ್ಟಿಗೆ ಶುರುಮಾಡಿದ್ದು ಜಾಣತನವಲ್ಲ. ಸುಸ್ತಾದಾಗ ತಪ್ಪು ಓಟದ್ದೋ ಊಟದ್ದೋ ಎಂದೇ ತಿಳಿಯುವುದಿಲ್ಲ. ನನ್ನ ಕೆಲಸ ಕುಶಾಲನಗರದಲ್ಲಿ, ಮನೆ ಮಡಿಕೇರಿಯಲ್ಲಿ. ವಾರವೆಲ್ಲ ಬಾಡಿಗೆ ಕೋಣೆ, ಶನಿವಾರ ಭಾನುವಾರ ಅವ್ವನ ಅಡುಗೆಮನೆ. ಹೀಗಾಗಿ ಎರಡು ದಾರಿ, ಎರಡು ಬಗೆಯ ಊಟ ತಾವಾಗಿಯೇ ಎದುರುಬದುರಾದವು.

ಮೊದಲು ದಾರಿಯ ವಿಷಯ. ಕುಶಾಲನಗರದಿಂದ ಹಾರಂಗಿ ಅಣೆಕಟ್ಟಿನ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮಡಿಕೇರಿಯಂಥ ಏರಿಳಿತವಿಲ್ಲ. ಕೈಯಲ್ಲಿ ಮೊಬೈಲ್ ಹಿಡಿದು ಲೆಕ್ಕ ಇಡುವವರಿಗೆ ಹೇಳಿ ಮಾಡಿಸಿದ ಹಾದಿ. ಸೋಮವಾರ 3 ಕಿ.ಮೀ.ಗೆ 26 ನಿಮಿಷ, ಬುಧವಾರ 25, ಶುಕ್ರವಾರ 24. ಕೇಡು ಅಲ್ಲೇ ಇತ್ತು. ಸಮತಟ್ಟು ರಸ್ತೆಯಲ್ಲಿ ಓಟ ನಿಲ್ಲಿಸಿ ನಡೆಯಲು ನಾಚಿಕೆಯಾಗುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕಿನವನು ತಿರುಗಿ ನೋಡುತ್ತಾನೆ, ಸುಮ್ಮನೆ ಇನ್ನಷ್ಟು ಜೋರಾಗಿ ಓಡುತ್ತೇವೆ. ಆರನೆಯ ವಾರ ಮೊಣಕಾಲಿನ ಕೆಳಗೆ, ಎಲುಬಿನ ಒಳಬದಿಯಲ್ಲಿ, ಬೆರಳಿಟ್ಟರೆ ಚುರುಕ್ಕೆನ್ನುವ ನೋವು ಬಂತು. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಎಲುಬಿಗೆ ತಿಂಗಳುಗಳು ಬೇಕು. ನಾನು ಉಸಿರಿನ ಮಾತು ಕೇಳಿ ಎಲುಬಿಗೆ ಮೋಸ ಮಾಡಿದ್ದೆ. ಮೂರು ವಾರ ಓಟ ಬಂದ್.

ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿರುವ ಊರು. ಇಲ್ಲಿಂದ ಅಬ್ಬಿ ಜಲಪಾತದ ಕಡೆಗೆ ಹೋಗುವಾಗ ಇಳಿಜಾರು, ಬರುವಾಗ ಏರು. ಹೊಸಬರಿಗೆ ಇದು ಆಗದ ದಾರಿ ಎಂದುಕೊಂಡಿದ್ದೆ. ಆದರೆ ಏರಿನಲ್ಲಿ ನಡೆದರೆ ಯಾರೂ ನಗುವುದಿಲ್ಲ, ಜೀಪೇ ಗೇರು ಇಳಿಸುತ್ತದೆ. ತಿರುವಿನವರೆಗೆ ಓಟ, ಅಲ್ಲಿಂದ ಮುಂದಿನ ಸಿಲ್ವರ್ ಓಕ್ ಮರದವರೆಗೆ ನಡಿಗೆ, ಮತ್ತೆ ಓಟ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೇ ಹೊಸಬರಿಗೆ ಕಲಿಸಿದ್ದು ಇದನ್ನೇ: ಸುಸ್ತಾದ ಮೇಲಲ್ಲ, ಸುಸ್ತಾಗುವ ಮೊದಲೇ ನಡೆಯಿರಿ. ನನಗೆ ಅದನ್ನು ಕಲಿಸಿದ್ದು ಗುಡ್ಡ.

ಮೋಸವಿರುವುದು ಇಳಿಜಾರಿನಲ್ಲಿ. ಓಡುವಾಗ ಹಾಯಾಗಿರುತ್ತದೆ. ಆದರೆ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರಕ್ಕೆ ಬ್ರೇಕು ಹಾಕಬೇಕಾಗುತ್ತದೆ. ಮೊದಲ ಬಾರಿ ಇಳಿದ ಮರುದಿನ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಈಗ ಇಳಿಜಾರಿನಲ್ಲಿ ಹೆಜ್ಜೆ ಗಿಡ್ಡ. ಮಳೆಗಾಲದಲ್ಲಿ ಪಾಚಿ ಮತ್ತು ಜಿಗಣೆಯ ಕಾಟ ಇದ್ದದ್ದೇ, ಆ ಮೂರು ತಿಂಗಳು ಹಾರಂಗಿ ರಸ್ತೆಯೇ ವಾಸಿ. ಉಳಿದಂತೆ ನನ್ನ ಮತ ಗುಡ್ಡಕ್ಕೆ.

ಊಟದಲ್ಲಿ ಮೊದಲು ಹಿಡಿದದ್ದು ಪ್ಯಾಕೆಟ್ಟಿನ ದಾರಿ: ಮೈಸೂರಿನಿಂದ ತರಿಸಿದ ಟೋಫು, ಓಟ್ಸ್, ಸೋಯಾ ಹಾಲು. ಟೋಫು ದುಬಾರಿ, ಫ್ರಿಡ್ಜ್ ಇಲ್ಲದ ಕೋಣೆಯಲ್ಲಿ ಎರಡನೆಯ ದಿನಕ್ಕೇ ಹುಳಿ. ಸೋಯಾ ಹಾಲನ್ನು ಬಿಸಿ ಡಿಕಾಕ್ಷನ್‌ಗೆ ಸುರಿದರೆ ಒಡೆದು ಬಿಳಿ ಚೂರುಗಳು ತೇಲಿದವು. ಕೊಡಗಿನಲ್ಲಿ ಹುಟ್ಟಿದವರು ಬೆಳಗ್ಗೆ ಎದ್ದು ನೋಡಬಾರದ ದೃಶ್ಯ. ಹಾಲಿಲ್ಲದ ಬೆಲ್ಲದ ಕಾಫಿ ನಮ್ಮಲ್ಲಿ ಮೊದಲಿನಿಂದಲೂ ಇರುವಾಗ ಈ ಪರದಾಟವೇಕೆ ಎಂದು ಹೊಳೆಯಲು ಒಂದು ತಿಂಗಳು ಬೇಕಾಯಿತು. ಆ ಪಟ್ಟಿಯಲ್ಲಿ ಉಳಿದುಕೊಂಡದ್ದು ಅಂಗಡಿಯ ಒಣ ಸೋಯಾ ಉಂಡೆ ಮಾತ್ರ. 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್, ತಿಂಗಳುಗಟ್ಟಲೆ ಕೆಡುವುದಿಲ್ಲ.

ಅವ್ವನ ಅಡುಗೆಮನೆಯಲ್ಲಿ ಮೊದಲ ಪ್ರಶ್ನೆಯೇ, "ಹಂದಿ ಬಿಟ್ಟೆ, ಸರಿ. ತುಪ್ಪ ನಿನಗೇನು ಮಾಡಿತು?" ಆದರೂ ಪಂದಿಕರಿಯ ಮಸಾಲೆ ಹುರಿದು, ಕೊಡಗಿನ ಕಪ್ಪು ಹಣ್ಣಿನ ಹುಳಿಯಾದ ಕಾಚಂಪುಳಿ ಬಿಟ್ಟು, ಎಳೆ ಹಲಸಿನಕಾಯಿಯ ಕರಿ ಮಾಡಿಕೊಟ್ಟಳು. ಕಪ್ಪಗೆ, ಹುಳಿಹುಳಿಯಾಗಿ, ಅಕ್ಕಿತರಿಯ ಹಬೆಯುಂಡೆಯಾದ ಕಡಂಬುಟ್ಟಿನ ಜೊತೆ ಬೆರಳು ನೆಕ್ಕುವಂತಿತ್ತು. ಮಾಂಸದ ಬದಲಿ ಸಿಕ್ಕಿತೆಂದು ಎರಡು ತಿಂಗಳು ಅದನ್ನೇ ನಂಬಿದೆ. ಎಳೆಎಳೆಯಾಗಿ ಬಿಡುವುದರಲ್ಲಿ ಮಾತ್ರ ಹಲಸು ಮಾಂಸದಂತೆ, ಪ್ರೋಟೀನ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಓಡಿದ ಸಂಜೆ ಹಸಿವು ಅಡಗುತ್ತಲೇ ಇರಲಿಲ್ಲ. ಹುರುಳಿಕಾಳು ತಟ್ಟೆಗೆ ಬಂದ ಮೇಲೆ ಅದು ಸರಿಹೋಯಿತು. ಮೊಳಕೆ ಕಟ್ಟಿದ ಹುರುಳಿಗೆ ಅದೇ ಮಸಾಲೆ ಹಾಕಿದರೆ ಹಲಸಿನ ಕರಿಯಷ್ಟು ರುಚಿಯಿಲ್ಲ ನಿಜ, ಕಾಲಿಗೆ ಮಾತ್ರ ಅದೇ ಹಿತ. ಊಟದ ಜೊತೆಗಿನ ಕಾಫಿಯನ್ನು ಒಂದು ಗಂಟೆ ಮುಂದೂಡಿದ್ದೇನೆ. ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಕಾಫಿ ಬಿಡುವುದಿಲ್ಲ, ನಿಂಬೆಹುಳಿ ನೆರವಾಗುತ್ತದೆ.

ಬಿ12 ವಿಟಮಿನ್ ವಿಷಯದಲ್ಲಿ ಪ್ಯಾಕೆಟ್ಟೂ ಅಡುಗೆಮನೆಯೂ ಸೋತವು. ಬರೀ ಸಸ್ಯಮೂಲದ ಆಹಾರದಲ್ಲಿ ನೆಚ್ಚಿಕೊಳ್ಳುವಷ್ಟು ಅದು ಸಿಗುವುದಿಲ್ಲ. ದೇಹದ ದಾಸ್ತಾನು ಕೆಲವು ವರ್ಷ ನಡೆಸುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಹಾಲನ್ನೂ ಬಿಟ್ಟವರು ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು.

ಓಟಕ್ಕೆ ಮುಂಚಿನ ತಿಂಡಿಯ ಸ್ಪರ್ಧೆ ಬೇಗ ಮುಗಿಯಿತು. ಹಿಂದಿನ ರಾತ್ರಿಯ ಕಡಂಬುಟ್ಟು ತಿಂದು ಓಡಿದ ದಿನ ಹೊಟ್ಟೆಯಲ್ಲಿ ಕಲ್ಲುಗುಂಡು ಉರುಳಿದಂತಾಯಿತು. ಓಟ್ಸ್ ಪರವಾಗಿಲ್ಲ, ಆದರೆ ಬೆಳಗಿನ ಐದು ಗಂಟೆಗೆ ಒಲೆ ಹಚ್ಚುವವರು ಯಾರು? ಗೆದ್ದದ್ದು ನಮ್ಮ ಸುಗ್ಗಿಹಬ್ಬ ಪುತ್ತರಿಯ ತಂಬುಟ್ಟು. ಹುರಿದ ಅಕ್ಕಿಪುಡಿಗೆ ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ ಕಲಸಿದ ಒಂದು ನಿಂಬೆಗಾತ್ರದ ಉಂಡೆ, ಓಟಕ್ಕೆ ಅರ್ಧ ಗಂಟೆ ಮೊದಲು. ಇದರ ಮೇಲೆ ಈಗ 14 ಕಿ.ಮೀ. ಆಗುತ್ತದೆ, ನಡಿಗೆಯೂ ಸೇರಿ. ಹಾಫ್ ಮ್ಯಾರಥಾನ್‌ಗೆ ಇನ್ನೂ 7 ಬಾಕಿ.

ಶನಿವಾರ ರಾತ್ರಿ ಅವ್ವನೇ ಹಣ್ಣು ಕಿವುಚಿಡುತ್ತಾಳೆ. ತುಪ್ಪದ ಡಬ್ಬಿಯನ್ನು ಮಾತ್ರ ಇವತ್ತಿಗೂ ನನ್ನ ತಟ್ಟೆಯ ಪಕ್ಕದಲ್ಲೇ, ಮುಚ್ಚಳ ತೆಗೆದು ಇಡುತ್ತಾಳೆ.