ಮಳೆ ಒಳಗೆ ಬರಲಿಲ್ಲ, ಆದರೂ ಒದ್ದೆಯಾದೆವು: ಒಂಬತ್ತು ರಾತ್ರಿ ಮಲಗಿದ ಟೆಂಟಿನ ವಿಮರ್ಶೆ

ಸಮುದ್ರದ ಪಕ್ಕದಿಂದ ಬೆಟ್ಟ ಹತ್ತಿ, ಕಾಡು ದಾಟಿ, ಮತ್ತೆ ಸಮುದ್ರಕ್ಕೇ ಇಳಿಯುವ ದಾರಿ. ಕಾರಿನಲ್ಲಿ ನಾನು, ನನ್ನ ತಮ್ಮ, ಡಿಕ್ಕಿ ತುಂಬ ಸಾಮಾನು. ಒಂಬತ್ತು ರಾತ್ರಿಯೂ ಇದೇ ಟೆಂಟಿನಲ್ಲಿ ಮಲಗಿದ್ದೇವೆ, ಹಾಗಾಗಿ ಸುಮ್ನೆ ಬಿಚ್ಚಿ ನೋಡಿ ಬರೆದ ವಿಮರ್ಶೆ ಅಲ್ಲ ಇದು.

ಮೂರು ಜನರ ಟೆಂಟ್ ಎಂದು ಚೀಟಿಯಲ್ಲಿದೆ. ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಮಲಗಿದರೆ ಮೂರು ಜನ ಹಿಡಿಸಬಹುದು. ಇಬ್ಬರು, ಎರಡು ಬ್ಯಾಗು, ಅಷ್ಟೇ ಲೆಕ್ಕ ಇಟ್ಟುಕೊಳ್ಳಿ.

ಮೇಲಿನ ಹೊದಿಕೆ 3000 ಮಿ.ಮೀ., ತಳ 5000 ಮಿ.ಮೀ. ಎಂದೂ ದೊಡ್ಡದಾಗಿ ಬರೆದಿದ್ದಾರೆ. ಎಷ್ಟು ಮಳೆ ತಡೆಯುತ್ತದೆ ಅನ್ನುವ ಲೆಕ್ಕ ಅಲ್ಲ ಇದು. ಬಟ್ಟೆಯ ಮೇಲೆ ನೀರಿನ ಒತ್ತಡ ಏರಿಸುತ್ತಾ ಹೋಗಿ, ಎಷ್ಟು ಎತ್ತರದ ನೀರಿನ ಕಂಬಕ್ಕೆ ಆಚೆ ಕಡೆ ಹನಿ ಕಾಣುತ್ತದೆ ಎಂದು ನೋಡುವ ಪರೀಕ್ಷೆ. ಮೇಲಿನ ಹೊದಿಕೆಗೆ 1500 ಇದ್ದರೂ ಸಾಮಾನ್ಯ ಮಳೆಗೆ ಸಾಕು. ತಳಕ್ಕೆ ಜಾಸ್ತಿ ಬೇಕು, ಯಾಕೆಂದರೆ ಮೊಣಕಾಲೂರಿದ ಕಡೆ ನಮ್ಮ ಭಾರವೆಲ್ಲ ಅಂಗೈಯಷ್ಟು ಜಾಗದ ಮೇಲೆ ಬಿದ್ದು ನೆಲದ ಒದ್ದೆ ಮೇಲಕ್ಕೆ ಬರಲು ನೋಡುತ್ತದೆ. ನಾನು ಈ ಅಂಕಿ ನೋಡಿ ಮರುಳಾಗಿ ಕೊಂಡೆ. ಗಾಳಿಕಿಂಡಿ ಎಷ್ಟಿದೆ ಎಂದು ನೋಡಲೇ ಇಲ್ಲ.

ಎರಡನೇ ರಾತ್ರಿ ಕಣಿವೆಯಲ್ಲಿ, ತೊರೆಯ ಪಕ್ಕದಲ್ಲೇ ಹಾಕಿದೆವು. ನೀರಿನ ಸದ್ದು ಕೇಳುತ್ತಾ ಮಲಗುವ ಆಸೆ. ಬೆಳಗಿನ ಜಾವ ತಮ್ಮ ಅಲುಗಾಡಿಸಿ ಎಬ್ಬಿಸಿದ. "ಅಣ್ಣಾ ಏಳು, ಟೆಂಟ್ ಸೋರ್ತಾ ಇದೆ." ಟಾರ್ಚ್ ಹಾಕಿದರೆ ಹೊದಿಕೆಯ ಒಳಮೈ ತುಂಬ ಹನಿ, ಮಲಗುವ ಚೀಲದ ಕಾಲಿನ ಕಡೆ ಪೂರ್ತಿ ತೊಯ್ದಿತ್ತು. ಕಂಪನಿಯವರನ್ನು ಬೈದುಕೊಂಡು ಹೊರಗೆ ಬಂದೆ. ನೋಡಿದರೆ ಆಕಾಶದ ತುಂಬ ನಕ್ಷತ್ರ! ಮಳೆ ಬಂದೇ ಇರಲಿಲ್ಲ.

ಆ ನೀರು ನಮ್ಮದೇ. ರಾತ್ರಿಯಿಡೀ ಇಬ್ಬರ ಉಸಿರಲ್ಲಿ, ಮೈಯಲ್ಲಿ ಹೊರಗೆ ಹೋದ ತೇವ. ಸಮುದ್ರದ ಗಾಳಿ ಮೊದಲೇ ತೇವ ಹೊತ್ತುಕೊಂಡು ಬೆಟ್ಟ ಹತ್ತುತ್ತದೆ. ರಾತ್ರಿಯಾದ ಮೇಲೆ ತಣ್ಣನೆ ಗಾಳಿ ಭಾರವಾಗಿ ಕಣಿವೆಗೆ ಇಳಿದು ಅಲ್ಲೇ ಕೂರುತ್ತದೆ, ಪಕ್ಕದಲ್ಲಿ ತೊರೆ ಬೇರೆ. ತಣ್ಣಗಾದ ಬಟ್ಟೆಗೆ ಬಿಸಿ ಉಸಿರು ತಾಗಿದರೆ ಪಾತ್ರೆಯ ಮುಚ್ಚಳದ ಹಾಗೆ ಬೆವರುತ್ತೆ, ಅಷ್ಟೇ ಅಲ್ವಾ?

ಜಾಗ ಆರಿಸಿದ ತಪ್ಪು ನಮ್ಮದು, ಒಪ್ಪಿಕೊಂಡೆ. ಆದರೆ ಟೆಂಟಿನ ತಪ್ಪೂ ಇದೆ. ಹೊದಿಕೆ ನೆಲದವರೆಗೆ ಇಳಿದಿದೆ, ಕೆಳಗಿನಿಂದ ಗಾಳಿ ಬರುವುದಿಲ್ಲ. ನೆತ್ತಿಯಲ್ಲಿ ಒಂದೇ ಕಿಂಡಿ. ಅದನ್ನು ಎತ್ತಿ ಹಿಡಿಯುವ ಪಟ್ಟಿ ಸ್ವಲ್ಪ ಗಾಳಿ ಬೀಸಿದರೂ ಕಳಚಿ ಮುಚ್ಚಿಕೊಳ್ಳುತ್ತದೆ. ಕಾಲಿನ ಕಡೆ ಒಳಗಿನ ಬಟ್ಟೆಗೂ ಹೊದಿಕೆಗೂ ಎರಡು ಬೆರಳು ಅಂತರ ಇಲ್ಲ. ವಾಪಸು ಬಂದ ಮೇಲೆ ಕಂಪನಿಗೆ ಬರೆದೆ. ಬಾಗಿಲು ತೆಗೆದಿಟ್ಟು ಮಲಗಿ ಎಂದು ಉತ್ತರ ಬಂತು. ಮಳೆ ಬಂದಾಗ?

ಮೂರನೇ ರಾತ್ರಿಯಿಂದ ತೊರೆ ಬಿಟ್ಟು ಸ್ವಲ್ಪ ಮೇಲೆ, ಮರಗಳ ನಡುವೆ ಹಾಕಲು ಶುರು ಮಾಡಿದೆವು. ಮರದ ಮರೆಯಲ್ಲಿ ಟೆಂಟ್ ಅಷ್ಟು ತಣ್ಣಗಾಗುವುದಿಲ್ಲ. ತಲೆಯ ಮೇಲೆ ಒಣಗಿದ ಕೊಂಬೆ ಇದೆಯಾ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ಹೊದಿಕೆಯ ಹಗ್ಗಗಳನ್ನು ದೂರಕ್ಕೆ ಎಳೆದು ಕಟ್ಟಿದೆವು, ಕಿಂಡಿಗೆ ಒಂದು ಕಡ್ಡಿ ಸಿಕ್ಕಿಸಿದೆವು, ಸೊಳ್ಳೆ ಪರದೆ ಮಾತ್ರ ಮುಚ್ಚಿ ಬಾಗಿಲಿನ ಮೇಲರ್ಧ ತೆರೆದಿಟ್ಟೆವು. ಪೂರ್ತಿ ಒಣಗಿತ್ತು ಎನ್ನಲಾರೆ, ಆದರೆ ಬೆಳಿಗ್ಗೆ ಒಂದು ಬಟ್ಟೆಯಲ್ಲಿ ಒರೆಸಿದರೆ ಮುಗಿಯುತ್ತಿತ್ತು. ಒಂದು ರಾತ್ರಿ ಮಂಜು ಬಂದು, ಎಲೆಗಳಲ್ಲಿ ಸಿಕ್ಕಿಕೊಂಡು, ಬೆಳಗಾಗುವವರೆಗೆ ಮರವೇ ಹನಿಸುತ್ತಿತ್ತು. ಅದು ಟೆಂಟಿನ ಒಳಗೆ ಒಂದು ತೊಟ್ಟೂ ಬರಲಿಲ್ಲ.

ನಿಜವಾದ ಮಳೆ ಆರನೇ ರಾತ್ರಿ ಬಂತು. ಬಿಡದೆ ನಾಲ್ಕು ಗಂಟೆ. ಹೊಲಿಗೆಗೆ ಅಂಟಿಸಿದ ಪಟ್ಟಿ ಗಟ್ಟಿಯಾಗಿದೆ, ತಳವೂ ಒಣಗೇ ಇತ್ತು. ಈ ವಿಷಯಕ್ಕೆ ಪೂರ್ತಿ ಅಂಕ. ನೈಲಾನ್ ಆದ್ದರಿಂದ ನೆಂದರೆ ಜೋಲುತ್ತದೆ, ಮಧ್ಯರಾತ್ರಿ ಒಮ್ಮೆ ಎದ್ದು ಹಗ್ಗ ಬಿಗಿಯಬೇಕು. ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಟೆಂಟಿನಿಂದ ಆಚೆ ಚಾಚಿರಬಾರದು. ನಮ್ಮದು ಒಂದು ಮೂಲೆಯಲ್ಲಿ ಚಾಚಿತ್ತು, ಮಳೆನೀರನ್ನು ಹಿಡಿದು ನೇರ ನಮ್ಮ ಕೆಳಗೇ ತಂದು ನಿಲ್ಲಿಸಿತು. ತಳ ಚೆನ್ನಾಗಿದೆ ಎಂದು ಗೊತ್ತಾಗಿದ್ದೇ ಹಾಗೆ!

ಕೋಲುಗಳು ಅಲ್ಯೂಮಿನಿಯಂ, ಸಮುದ್ರದ ಗಾಳಿಗೆ ಬಾಗಿದವು, ಮುರಿಯಲಿಲ್ಲ. ಗೂಟಗಳು ಸುಮ್ನೆ ತಂತಿ. ಮರಳಿನಲ್ಲಿ ಒಂದೂ ನಿಲ್ಲಲಿಲ್ಲ, ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ ಹೂತೆವು. ಉಪ್ಪು ಮರಳು ಹೊಕ್ಕು ಜಿಪ್ಪು ಕಚ್ಚಿಕೊಂಡಾಗ ಎಳೆದಾಡಬೇಡಿ, ಸಿಹಿನೀರು ಹಾಕಿ ತೊಳೆದರೆ ಸರಿಹೋಗುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ಒಣ ಹವೆಯ ಕಡೆ ಹೋಗುವವರಿಗೆ ನಾಲ್ಕು. ಕರಾವಳಿ ಬೆಟ್ಟಕ್ಕಾದರೆ ಎದುರುಬದುರು ಎರಡು ಕಿಂಡಿ ಇರುವುದನ್ನೇ ಹುಡುಕಿ, ಆ ಮಿ.ಮೀ. ಸ್ವಲ್ಪ ಕಮ್ಮಿ ಇದ್ದರೂ ಪರವಾಗಿಲ್ಲ. ನಮ್ಮದು ಎರಡು ದಿನದಿಂದ ಹಗ್ಗದ ಮೇಲಿದೆ, ಒದ್ದೆ ಇರುವಾಗಲೇ ಮಡಿಸಿಟ್ಟರೆ ಒಳಗಿನ ಲೇಪ ಅಂಟಂಟಾಗಿ ನಾರುತ್ತದೆ. ತಮ್ಮ ಆಗಲೇ ಮಡಿಸಲು ಹೊರಟಿದ್ದ. ಮೂಲೆ ಮುಟ್ಟಿ ನೋಡಿದೆ, ಇನ್ನೂ ಒಣಗಿಲ್ಲ.