ಬಜ್ಜಿ ಎಣ್ಣೆಯಲ್ಲಿ ಓಡುವ ಕ್ವಾಲಿಸ್: 6 ವರ್ಷ, 52,000 ಕಿ.ಮೀ. ಅನುಭವ

ಗಾಡಿ 2003ರ ಟೊಯೋಟಾ ಕ್ವಾಲಿಸ್. ಬಿಡದಿಯಲ್ಲಿ ತಯಾರಾದದ್ದು. 2.4 ಲೀಟರ್ ಡೀಸೆಲ್ ಎಂಜಿನ್, ಟರ್ಬೊ ಇಲ್ಲ, ಕಾಮನ್ ರೇಲ್ (ಈಗಿನ ಡೀಸೆಲ್ ಗಾಡಿಗಳ ಅತಿ ಒತ್ತಡದ ಇಂಧನ ವ್ಯವಸ್ಥೆ) ಇಲ್ಲ, ಹಳೇ ಕಾಲದ ರೋಟರಿ ಪಂಪು. ಇರುವುದು ಹಾಸನದಲ್ಲಿ. ಕರಿದು ಉಳಿದ ಎಣ್ಣೆಯಿಂದ ಮನೆ ಹಿಂದಿನ ಶೆಡ್ಡಿನಲ್ಲಿ ನಾನೇ ಮಾಡಿದ ಬಯೋಡೀಸೆಲ್ಲನ್ನು ಆರು ವರ್ಷದಿಂದ ಇದಕ್ಕೆ ಹಾಕುತ್ತಿದ್ದೇನೆ. ಈವರೆಗೆ ಹೆಚ್ಚುಕಡಿಮೆ 4,000 ಲೀಟರ್ ಖರ್ಚಾಗಿದೆ. ಕೇಳಿದವರೆಲ್ಲ ಮೊದಲು ಕೇಳುವುದು ಒಂದೇ, ನಿಜವಾಗಲೂ ಓಡುತ್ತಾ, ಎಂಜಿನ್ ಹಾಳಾಗಲ್ವಾ ಅಂತ. ಓಡುತ್ತದೆ. ಎಂಜಿನ್ ಚೆನ್ನಾಗಿದೆ. ಆದರೆ ಕೈಗೆ ಬಂದ ಎಣ್ಣೆ ಎಂಥದ್ದು ಅಂತ ಗುರುತು ಹಿಡಿಯಲು ಕಲಿಯದೆ ಟ್ಯಾಂಕಿಗೆ ಸುರಿದರೆ ಓಡುವುದಿಲ್ಲ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಮುಂದೆ ಓದುವ ಮೊದಲೇ ಹೇಳಿಬಿಡುತ್ತೇನೆ. ಕಾಮನ್ ರೇಲ್ ಗಾಡಿ ಇರುವವರು, ಅದರಲ್ಲೂ ಬಿಎಸ್ 6 ಗಾಡಿ ಇರುವವರು ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಅವುಗಳ ಇಂಜೆಕ್ಟರ್ ತೂತು ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ಒತ್ತಡ ಸಾವಿರ ಬಾರ್ ದಾಟುತ್ತದೆ, ಚೂರು ನೀರು ಅಥವಾ ಸೋಪು ಉಳಿದರೂ ಲಕ್ಷದ ಲೆಕ್ಕದಲ್ಲಿ ಖರ್ಚು. ಹೊಗೆ ಫಿಲ್ಟರ್ ಇರುವ ಗಾಡಿಯಲ್ಲಿ ಅದನ್ನು ಸುಟ್ಟು ಸ್ವಚ್ಛ ಮಾಡಲು ತಡವಾಗಿ ಒಂದಷ್ಟು ಇಂಧನ ಚಿಮ್ಮಿಸುತ್ತಾರೆ. ಡೀಸೆಲ್ ಆದರೆ ಆವಿಯಾಗಿ ಹೋಗುತ್ತದೆ. ಬಯೋಡೀಸೆಲ್ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ, ಸಿಲಿಂಡರ್ ಗೋಡೆ ಹಿಡಿದು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಹಳೇ ಗಾಡಿಯವರು ಮಾತ್ರ ಮುಂದೆ ಓದಿ.

ಶುರುವಾಗಿದ್ದು ಹೀಗೆ. ನಾನು ಸಂಜೆ ಹೋಗುವ ಬಜ್ಜಿ ಅಂಗಡಿಗೆ ಒಬ್ಬ ಮೊಪೆಡ್ಡಿನಲ್ಲಿ ಬಂದು ಬಾಣಲೆಯಲ್ಲಿ ಉಳಿದ ಕರಿ ಎಣ್ಣೆಯನ್ನು ಡಬ್ಬಕ್ಕೆ ಸುರಿದುಕೊಂಡು ಹೋಗುತ್ತಿದ್ದ. ಸೋಪಿಗೆ ಅಂತ ನಾನು ಅಂದುಕೊಂಡಿದ್ದೆ. ಒಂದು ದಿನ ಅಂಗಡಿಯ ಅಕ್ಕನೇ ಹೇಳಿದರು, "ಸೋಪಿಗಲ್ಲ ಅಣ್ಣ, ಆ ಕಡೆ ತಳ್ಳುಗಾಡಿಯವರಿಗೆ ಕೊಡ್ತಾನೆ" ಅಂತ. ಅಂದರೆ ಇಲ್ಲಿ ಕಪ್ಪಾದ ಎಣ್ಣೆಯಲ್ಲೇ ಅಲ್ಲಿ ಮತ್ತೆ ಕರಿಯುತ್ತಾರೆ, ಸ್ಕೂಲ್ ಮಕ್ಕಳು ನಿಂತು ತಿನ್ನುತ್ತಾರೆ. ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶ, ಶೇ 25 ದಾಟಿದರೆ ಅಡುಗೆಗೆ ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜುಲೈನಿಂದ ನಿಯಮ ಮಾಡಿದೆ. ಅದೇ ಆಗಸ್ಟ್ 10ರಂದು ಕರಿದ ಎಣ್ಣೆಯನ್ನು ಬಯೋಡೀಸೆಲ್ ಮಾಡಲು ಕಳಿಸುವ ರೂಕೊ ಯೋಜನೆಯೂ ಬಂತು. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಬಳಸುವ ಹೋಟೆಲುಗಳು ಲೆಕ್ಕ ಇಡಬೇಕು, ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು. ಸಣ್ಣ ಅಂಗಡಿಗಳ ಬಾಗಿಲಿಗೆ ಮಾತ್ರ ಮೊಪೆಡ್ಡೇ ಬರುತ್ತಿತ್ತು. ನನಗೆ ಆವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ನಮ್ಮೂರ ಪಕ್ಕದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ. ಅಲ್ಲಿ ಹೊಂಗೆ, ಬೇವು, ಹಿಪ್ಪೆ ಇಂಥವುಗಳ ಮೇಲೆ ಕೆಲಸ. ಗಾಜಿನ ಜಾಡಿಯಲ್ಲಿ ಕೆಳಗೆ ಕಂದು ಗ್ಲಿಸರಿನ್, ಮೇಲೆ ಜೇನಿನ ಬಣ್ಣದ ಇಂಧನ, ನಡುವೆ ಗೆರೆ ಎಳೆದ ಹಾಗೆ ಬೇರೆಯಾಗಿ ನಿಂತದ್ದನ್ನು ಮೊದಲು ನೋಡಿದ್ದು ಅಲ್ಲೇ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತಂತೆ. ಬಜ್ಜಿ ಎಣ್ಣೆಯಲ್ಲಿ ನಮ್ಮ ಗಾಡಿ ಯಾಕೆ ಓಡಬಾರದು ಅನ್ನಿಸಿತು.

ಈಗ ಎಣ್ಣೆ ವಿಷಯ. ಇದೇ ಮುಖ್ಯ, ಬಾಕಿಯೆಲ್ಲ ಆಮೇಲೆ.

ಅತಿ ಒಳ್ಳೆಯ ಎಣ್ಣೆ ಸಿಗುವುದು ಮದುವೆ ಅಡುಗೆ ಭಟ್ಟರ ಹತ್ತಿರ. ಒಂದು ದಿನ ಹಪ್ಪಳ, ಬೋಂಡ, ಚಿರೋಟಿ ಕರಿದಿರುತ್ತಾರೆ, ಅಷ್ಟೇ. ತಿಳಿ ಹಳದಿ, ಸೋಸಿದರೆ ಮುಗಿಯಿತು. ಎರಡನೆಯದು ಬಜ್ಜಿ ಅಂಗಡಿ. ಕಡಲೆಹಿಟ್ಟಿನ ಚರಟ ತಳದಲ್ಲಿ ಎರಡು ಬೆರಳಷ್ಟು ಕೂರುತ್ತದೆ, ಒಂದು ವಾರ ಅಲುಗಾಡಿಸದೆ ಇಟ್ಟರೆ ಮೇಲಿನದು ಚೆನ್ನಾಗಿರುತ್ತದೆ. ಗೋಬಿ ಮಂಚೂರಿ ಎಣ್ಣೆ ಕಷ್ಟ. ಕಾರ್ನ್‌ಫ್ಲೋರ್ ನುಣ್ಣಗೆ ಅಂಬಲಿಯ ಹಾಗೆ ತೇಲುತ್ತಲೇ ಇರುತ್ತದೆ, ಹೂಕೋಸಿನ ನೀರೂ ಸೇರಿರುತ್ತದೆ. ಕಬಾಬ್ ಎಣ್ಣೆಯನ್ನಂತೂ ಈಗ ಮುಟ್ಟುವುದೇ ಇಲ್ಲ. ಕೋಳಿ ಕೊಬ್ಬು ಬೆರೆತು ಹುಳಿ (ಆಮ್ಲ) ಹೆಚ್ಚಾಗಿರುತ್ತದೆ, ಎಣ್ಣೆಯನ್ನು ಇಂಧನ ಮಾಡಲು ಬೇಕಾದ ಕ್ಷಾರ ಎಷ್ಟು ಹಾಕಿದರೂ ಇಂಧನಕ್ಕಿಂತ ಸೋಪೇ ಜಾಸ್ತಿ.

ಹುಳಿ ಎಷ್ಟಿದೆ ಎಂದು ನೋಡಲು ಲ್ಯಾಬಿನವರು ಫಿನಾಲ್ಫ್ತಲೀನ್ ಅನ್ನುವ, ಕ್ಷಾರ ತಾಗಿದರೆ ಬಣ್ಣ ಬದಲಿಸುವ ರಾಸಾಯನಿಕ ಬಳಸುತ್ತಾರೆ. ನಾನು ಅರಿಶಿನ ಬಳಸುತ್ತೇನೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಆರತಿ ನೀರಾಗುತ್ತದೆ ಅಲ್ವಾ, ಅದೇ ಗುಣ. 10 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲಿಗೆ 1 ಮಿಲಿ ಎಣ್ಣೆ, ಒಂದು ಚಿಟಿಕೆ ಅರಿಶಿನ. ಇನ್ನೊಂದು ಬಾಟಲಿಯಲ್ಲಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ 1 ಗ್ರಾಂ ಕಾಸ್ಟಿಕ್ ಪೊಟ್ಯಾಷ್ (ಆ ಕ್ಷಾರ ಇದೇ) ಕರಗಿಸಿ ಇಟ್ಟಿರುತ್ತೇನೆ. ಸಿರಿಂಜಿನಲ್ಲಿ ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ಹನಿ ಬಿದ್ದ ಜಾಗ ಕೆಂಪಾಗುತ್ತದೆ, ಅಲ್ಲಾಡಿಸಿದರೆ ಮತ್ತೆ ಹಳದಿ. ಒಂದು ಹಂತದಲ್ಲಿ ಕೆಂಪು ಹೋಗದೆ ಹಾಗೇ ನಿಲ್ಲುತ್ತದೆ. ಅಷ್ಟಕ್ಕೆ ನಿಲ್ಲಿಸಿ ಎಷ್ಟು ಮಿಲಿ ಬಿಟ್ಟಿರಿ ಎಂದು ಓದಿಕೊಳ್ಳಿ. ಹೊಸ ಎಣ್ಣೆಗೆ ಲೀಟರಿಗೆ 7 ಗ್ರಾಂ ಪೊಟ್ಯಾಷ್ ಬೇಕು, ಅದರ ಮೇಲೆ ಎಷ್ಟು ಮಿಲಿಯೋ ಅಷ್ಟು ಗ್ರಾಂ ಸೇರಿಸಬೇಕು. ಭಟ್ಟರ ಎಣ್ಣೆ ಒಂದೂವರೆ ಎರಡರಲ್ಲಿ ನಿಲ್ಲುತ್ತದೆ, ಅಕ್ಕನ ಬಜ್ಜಿ ಎಣ್ಣೆ ಮೂರು ನಾಲ್ಕು, ಒಮ್ಮೆ ತಂದ ಕಬಾಬ್ ಎಣ್ಣೆ ಎಂಟಕ್ಕೂ ನಿಲ್ಲಲಿಲ್ಲ. ಐದು ದಾಟಿದರೆ ನಾನು ತೆಗೆದುಕೊಳ್ಳುವುದಿಲ್ಲ.

ಮಾಡುವ ವಿಧಾನ ಚಿಕ್ಕದಾಗಿ. ಒಂದು ಸಲಕ್ಕೆ 60 ಲೀಟರ್ ಎಣ್ಣೆ, 12 ಲೀಟರ್ ಮಿಥನಾಲ್. ಪೊಟ್ಯಾಷನ್ನು ಮಿಥನಾಲ್‌ನಲ್ಲಿ ಕರಗಿಸಿ, 55 ಡಿಗ್ರಿಗೆ ಬಿಸಿಯಾದ ಎಣ್ಣೆಗೆ ನಿಧಾನಕ್ಕೆ ಬಿಟ್ಟು, ಮುಚ್ಚಿದ ಡ್ರಮ್ಮಿನಲ್ಲಿ ಎರಡು ಗಂಟೆ ತಿರುಗಿಸಬೇಕು. ರಾತ್ರಿ ಬಿಟ್ಟರೆ ಬೆಳಗ್ಗೆ ಗ್ಲಿಸರಿನ್ ಕೆಳಗೆ. ಅದನ್ನು ನಲ್ಲಿಯಿಂದ ಇಳಿಸಿ, ಉಳಿದದ್ದನ್ನು ನೀರಿನಲ್ಲಿ ಮೂರು ಸಲ ತೊಳೆದು, ನೀರೆಲ್ಲ ಆರುವ ತನಕ ಒಣಗಿಸಿದರೆ ಆಯಿತು. ಹೇಳಲು ಐದು ಸಾಲು, ಮಾಡಲು ಎರಡು ಭಾನುವಾರ ಬೇಕು.

ನೀರು ಇದ್ದರೆ ಎಲ್ಲಾ ಕೆಟ್ಟಿತು. ಎರಡನೇ ವರ್ಷ ಮಳೆಗಾಲದಲ್ಲಿ ಅವಸರ ಮಾಡಿ, ಎಣ್ಣೆಯ ನೀರು ಆರಿಸದೆ ಹಾಕಿಬಿಟ್ಟೆ. ತೊಳೆಯುವಾಗ ಇಡೀ 60 ಲೀಟರ್ ಬೆಳ್ಳಗೆ ಅನ್ನದ ಗಂಜಿಯ ಹಾಗಾಯಿತು. ಮೂರು ವಾರ ಇಟ್ಟರೂ ಬೇರೆಯಾಗಲಿಲ್ಲ, ಪೂರ್ತಿ ಹೋಯಿತು. ಈಗ ಪ್ರತಿ ಡಬ್ಬದಿಂದ ಒಂದು ಚಮಚ ತೆಗೆದು ಕಾದ ಬಾಣಲೆಗೆ ಹಾಕಿ ನೋಡುತ್ತೇನೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಅಂದರೆ ನೀರಿದೆ. ಸದ್ದಿಲ್ಲದೆ ಹೊಗೆಯಾಡಿದರೆ ಸರಿ. ಈ ಪರೀಕ್ಷೆ ಮಾತ್ರ ಅಡುಗೆಮನೆಯಲ್ಲಿ, ಮಿಥನಾಲ್ ಇರುವ ಶೆಡ್ಡಿನಲ್ಲಿ ಅಲ್ಲ.

ಮಿಥನಾಲ್ ಬಗ್ಗೆ ಹಗುರಾಗಿ ಮಾತಾಡಲು ನನಗೆ ಮನಸ್ಸಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರಲ್ಲ, ಅದರಲ್ಲಿದ್ದ ವಿಷ ಇದೇ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಬೆಂಕಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ. ಸುಮ್ನೆ ಹೋಗಿ ಕೇಳಿದರೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ನಾನು ತರುವುದು ಪರವಾನಗಿ ಇರುವ ಕೆಮಿಕಲ್ ಅಂಗಡಿಯಿಂದ, ಬಿಲ್ ಹಾಕಿಸಿ, ಏನಕ್ಕೆ ಅಂತ ಬರೆದುಕೊಟ್ಟು. ಬೀಗ ಹಾಕಿ ಇಡುತ್ತೇನೆ. ಶೆಡ್ಡಿಗೆ ಎರಡು ಕಡೆ ಗೋಡೆಯೇ ಇಲ್ಲ, ಒಲೆ ಇಲ್ಲ, ಬಿಸಿ ಮಾಡುವುದು ಕರೆಂಟ್ ಹೀಟರಿನಲ್ಲಿ. ಕೈಗವಸು, ಕನ್ನಡಕ ಇಲ್ಲದೆ ಒಂದು ದಿನವೂ ಮುಟ್ಟಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಬೇರೆ ಜಾಗ ಇಲ್ಲದಿದ್ದರೆ ಈ ಕೆಲಸ ಬೇಡವೇ ಬೇಡ.

ಇನ್ನು ಗಾಡಿ. ಶುರು ಮಾಡಿದ ಎರಡನೇ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿದ್ದೆ. ಇಳಿಯುವಾಗ ಏನೂ ಗೊತ್ತಾಗಲಿಲ್ಲ. ವಾಪಸ್ ಶಿರಾಡಿ ಘಾಟಿ ಹತ್ತುವಾಗ ಗುಂಡ್ಯ ದಾಟಿ ಸ್ವಲ್ಪ ದೂರಕ್ಕೆ ಗಾಡಿ ಸೋಲಲು ಶುರುವಾಯಿತು. ಮೂರನೇ ಗೇರಿನಿಂದ ಎರಡು, ಎರಡರಿಂದ ಒಂದು, ಹಿಂದೆ ಟ್ಯಾಂಕರುಗಳ ಹಾರ್ನು. "ಗಾಡಿ ಎಳೀತಾನೇ ಇಲ್ವಲ್ಲೋ" ಅಂತ ಅಪ್ಪ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಹೊಸ ಫಿಲ್ಟರ್ ಡಿಕ್ಕಿಯಲ್ಲಿತ್ತು, ಬಚಾವ್. ಹಳೆಯದನ್ನು ಬಿಚ್ಚಿ ಬಗ್ಗಿಸಿದಾಗ ಬಂದದ್ದು ಜೋನಿ ಬೆಲ್ಲದಂಥ ಕಪ್ಪು ಅಂಟು. ಊರಿಗೆ ಬಂದ ಮೇಲೆ ಮೆಕ್ಯಾನಿಕ್ ನೋಡಿ, "ಸಾರ್, ಇದು ನಿಮ್ಮ ಎಣ್ಣೆ ಕೊಳೆ ಅಲ್ಲ, ಟ್ಯಾಂಕ್ ಕೊಳೆ" ಅಂದರು. ಅವರು ಹೇಳಿದ್ದು ಸರಿ. ಬಯೋಡೀಸೆಲ್ ಒಳ್ಳೆ ದ್ರಾವಕ, ಹದಿನಾರು ವರ್ಷ ಟ್ಯಾಂಕಿನ ತಳದಲ್ಲಿ ಕೂತಿದ್ದ ಗಸಿಯನ್ನೆಲ್ಲ ಎಬ್ಬಿಸಿ ತಂದಿತ್ತು. ಆಮೇಲೆ ಇನ್ನೂ ಎರಡು ಫಿಲ್ಟರ್ ಬೇಗ ಬೇಗ ಹೋದವು, ನಂತರ ನಿಂತಿತು. ಶುರು ಮಾಡುವವರು ಮೊದಲು ಟ್ಯಾಂಕ್ ಇಳಿಸಿ ತೊಳೆಸಿಬಿಡಿ. ನೇರ ನೂರಕ್ಕೆ ನೂರು ಹಾಕಬೇಡಿ, ಕಾಲು ಭಾಗದಿಂದ ಶುರು ಮಾಡಿ.

ರಬ್ಬರ್ ಪೈಪುಗಳು ಒಂದು ವರ್ಷಕ್ಕೆ ಉಬ್ಬಿ ಮೆತ್ತಗಾದವು, ಉಗುರು ಒತ್ತಿದರೆ ಗುರುತು ಬೀಳುವಷ್ಟು. ಎಲ್ಲವನ್ನೂ ವೈಟಾನ್ (ಇಂಧನ ತಾಳುವ ವಿಶೇಷ ರಬ್ಬರ್) ಪೈಪಿಗೆ ಬದಲಾಯಿಸಿದೆ, ಅವಕ್ಕೆ ಏನೂ ಆಗಿಲ್ಲ. ಬಯೋಡೀಸೆಲ್‌ನಲ್ಲಿ 41,000 ಕಿ.ಮೀ. ಓಡಿದಾಗ ಪಂಪಿನ ಸೀಲಿನಲ್ಲಿ ತೇವ ಕಾಣಿಸಿತು, ಅದನ್ನೂ ಬದಲಿಸಿದ್ದಾಯಿತು. ಆಗಲೇ ನಾಝಲ್ ಬಿಚ್ಚಿ ಟೆಸ್ಟ್ ಮಾಡಿಸಿದೆ, ನಾಲ್ಕರ ಸ್ಪ್ರೇಯೂ ಚೆನ್ನಾಗಿತ್ತು. ಎಂಜಿನ್ ಆಯಿಲ್ 5,000ಕ್ಕೆ ತಪ್ಪದೆ ಬದಲಿಸುತ್ತೇನೆ. ಇಂಧನ ತುಂಬುವಾಗ ಚೆಲ್ಲಿದರೆ ತಕ್ಷಣ ಒರೆಸಿ, ಪೇಂಟ್ ಎದ್ದು ಬರುತ್ತದೆ. ನನ್ನ ಗಾಡಿಯಲ್ಲಿ ಮುಚ್ಚಳದ ಕೆಳಗೆ ಅಂಗೈಯಗಲ ಹೋಗಿದೆ.

ಚಳಿಗಾಲ ಇದರ ನಿಜವಾದ ದೌರ್ಬಲ್ಯ. ಅಂಗಡಿಗಳಲ್ಲಿ ಬಳಸುವುದು ಹೆಚ್ಚಾಗಿ ಪಾಮೊಲಿನ್, ಪಾಮೊಲಿನ್‌ನಿಂದ ಮಾಡಿದ ಬಯೋಡೀಸೆಲ್ 15 ಡಿಗ್ರಿಯ ಆಸುಪಾಸಿನಲ್ಲೇ ಮಸುಕಾಗಲು ಶುರು. ಮಂಗಳೂರು ಕಡೆಯವರಿಗೆ ಇದು ಸಮಸ್ಯೆಯೇ ಅಲ್ಲ. ಹಾಸನದಲ್ಲಿ ಡಿಸೆಂಬರ್ ಬೆಳಗ್ಗೆ ಹೊರಗಿಟ್ಟ ಬಾಟಲಿ ನೋಡಿದರೆ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಹಾಗೆ ಬೆಳ್ಳಗೆ ನಿಂತಿರುತ್ತದೆ. ಮೊದಲ ಚಳಿಗಾಲ ಹೀಟರ್ ಪ್ಲಗ್ ಎಷ್ಟು ಕಾಯಿಸಿದರೂ ಗಾಡಿ ಏಳಲಿಲ್ಲ, ಹತ್ತೂವರೆಗೆ ಬಿಸಿಲು ಬಂದ ಮೇಲೆ ತಾನೇ ಸ್ಟಾರ್ಟ್ ಆಯಿತು. ಈಗ ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಅರ್ಧಕ್ಕರ್ಧ ಡೀಸೆಲ್. ಮನೆಗಳಿಂದ ಬರುವ ಸೂರ್ಯಕಾಂತಿ ಎಣ್ಣೆಯನ್ನು ಬೇರೆ ಡಬ್ಬದಲ್ಲಿ ಕೂಡಿಟ್ಟು ಆ ತಿಂಗಳುಗಳಿಗೇ ಬಳಸುತ್ತೇನೆ, ಅದು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ.

ಓಡಿಸುವಾಗ ಗಾಡಿ ಮೆತ್ತಗಿದೆ. ಆ ಹಳೇ ಕಟಕಟ ಸದ್ದು ಕಡಿಮೆಯಾಗಿದೆ. ಹೊಗೆ ತಪಾಸಣೆಯಲ್ಲಿ ಇಂಥ ಹಳೇ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆ 65ರ ತನಕ ಬಿಡುತ್ತಾರೆ. ಡೀಸೆಲ್‌ನಲ್ಲಿ ನನಗೆ 48 ಬರುತ್ತಿತ್ತು, ಈಗ 31. ಹಿಂದೆ ನಿಂತರೆ ಬಾಣಲೆ ಮುಂದೆ ನಿಂತ ವಾಸನೆ. ಮೈಲೇಜ್ ಮಾತ್ರ ಲೀಟರಿಗೆ 12.2 ಇದ್ದದ್ದು 11.4ಕ್ಕೆ ಇಳಿದಿದೆ, ಬಯೋಡೀಸೆಲ್‌ನಲ್ಲಿ ಶಕ್ತಿ ಸ್ವಲ್ಪ ಕಡಿಮೆಯೇ.

ದುಡ್ಡಿನ ಲೆಕ್ಕ ಮುಚ್ಚಿಡದೆ ಹೇಳುತ್ತೇನೆ. ಮೊದಲು ಎಣ್ಣೆ ಬಿಟ್ಟಿ ಸಿಗುತ್ತಿತ್ತು. ಈಗ ಎಲ್ಲರಿಗೂ ಅದರ ಬೆಲೆ ಗೊತ್ತು, 15 ಕೆ.ಜಿ. ಡಬ್ಬಕ್ಕೆ 750 ಕೊಡುತ್ತೇನೆ. ಮಿಥನಾಲ್, ಪೊಟ್ಯಾಷ್, ಕರೆಂಟು ಎಲ್ಲಾ ಸೇರಿ ಲೀಟರಿಗೆ 70 ರೂಪಾಯಿ ಬೀಳುತ್ತದೆ. ಡೀಸೆಲ್ 90ರ ಆಸುಪಾಸು. ಮೈಲೇಜ್ ನಷ್ಟ ಕಳೆದರೆ ಉಳಿಯುವುದು ಲೀಟರಿಗೆ 15, ತಿಂಗಳಿಗೆ 900 ರೂಪಾಯಿ. ಇಷ್ಟಕ್ಕಾಗಿ ಎರಡು ಭಾನುವಾರ ಕೊಡುವುದು ಲಾಭದ ಮಾತಲ್ಲ. ನನಗೆ ಬೇಕಾಗಿದ್ದು ಆ ಮೊಪೆಡ್ ಬರುವುದು ನಿಲ್ಲುವುದು, ನಾಲ್ಕು ಅಂಗಡಿಗಳ ಮಟ್ಟಿಗೆ ನಿಂತಿದೆ. "ಇವತ್ತಿನದು ಬರೀ ಮೆಣಸಿನಕಾಯಿ ಬಜ್ಜಿದು ಅಣ್ಣ, ಗೋಬಿ ಸೇರಿಸಿಲ್ಲ" ಅಂತ ಅಕ್ಕ ಈಗ ಬೇರೆ ಡಬ್ಬವನ್ನೇ ಎತ್ತಿಟ್ಟಿರುತ್ತಾರೆ. ಮಾಡಿದ ಇಂಧನವನ್ನು ಮಾತ್ರ ಯಾರಿಗೂ ಮಾರುವುದಿಲ್ಲ, ಕೇಳಿದರೂ ಕೊಡುವುದಿಲ್ಲ.

ಮಾಡಬೇಕು ಅನ್ನುವವರು ಡ್ರಮ್ಮು, ಮೋಟರು ತರುವ ಮೊದಲು ಒಂದೇ ಒಂದು ಲೀಟರ್ ಮಾಡಿ. ಅದರಲ್ಲಿ 3 ಮಿಲಿ ತೆಗೆದು 27 ಮಿಲಿ ಮಿಥನಾಲ್‌ಗೆ ಹಾಕಿ ಅಲ್ಲಾಡಿಸಿ ನೋಡಿ. ಪೂರ್ತಿ ಕರಗಿದರೆ ಸರಿ, ತಳದಲ್ಲಿ ಹನಿ ಕೂತರೆ ಎಣ್ಣೆ ಇನ್ನೂ ಎಣ್ಣೆಯಾಗೇ ಉಳಿದಿದೆ ಅಂತ. ಉಳಿದದ್ದನ್ನು ಗಾಜಿನ ಬಾಟಲಿಗೆ ತುಂಬಿ ಹಿಂದೆ ಪೇಪರ್ ಹಿಡಿಯಿರಿ. ಅಕ್ಷರ ಓದಲು ಬರಬೇಕು. ಆಮೇಲೆ ಆ ಬಾಟಲಿಯನ್ನು ಒಂದು ಚಳಿ ರಾತ್ರಿ ಹೊರಗಿಟ್ಟು ಬೆಳಗ್ಗೆ ಆರಕ್ಕೆ ಎದ್ದು ಮತ್ತೆ ಅದೇ ಪೇಪರ್ ಹಿಡಿದು ನೋಡಿ.